ಎಲ್ಲಿ ಹೊಂದಿಸಬೇಕು, ಎಲ್ಲಿ ಕೋಡ್ ಬರೆಯಬೇಕು: ಸಣ್ಣ ಲ್ಯಾಬಿನ ನಿಯಂತ್ರಣ ವ್ಯವಸ್ಥೆಗೊಂದು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಮಳೆ ಹೊಡೆದಿತ್ತು. ಕಾರವಾರದಲ್ಲಿ ನಾನು ಕೆಲಸ ಮಾಡುವ ಸಣ್ಣ ಲ್ಯಾಬಿನ ಬಾಗಿಲು ತೆಗೆದರೆ ಎರಡನೇ ಟ್ಯಾಂಕ್ ತುಂಬಿ ಹರಿದು ನೆಲವೆಲ್ಲ ನೀರು. ಆ ಟ್ಯಾಂಕಿನಲ್ಲಿದ್ದದ್ದು ಅಘನಾಶಿನಿ ಅಳಿವೆಯಿಂದ ತಂದ ಬಳಚು ಎಂಬ ಚಿಪ್ಪುಜೀವಿ. ನೀರಿನ ಉಪ್ಪಿನಂಶ ಇಳಿದರೆ ಅವು ಎಷ್ಟು ದಿನ ತಾಳುತ್ತವೆ ಎಂದು ನೋಡುವ ಪ್ರಯೋಗ. ಉಪ್ಪಿನಂಶ 20ರಲ್ಲಿ (ಸಾವಿರ ಭಾಗದಲ್ಲಿ ಸುಮಾರು 20 ಭಾಗ ಉಪ್ಪು) ನಿಂತಿರಬೇಕಿತ್ತು. ಕೈ ಮೀಟರ್ ಅದ್ದಿ ನೋಡಿದೆ, 3 ತೋರಿಸಿತು. ಬಳಚು ಎಲ್ಲ ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದವು. ಕಂಪ್ಯೂಟರಿನ ಗ್ರಾಫ್ ನೋಡಿದರೆ ರಾತ್ರಿಯಿಡೀ 20.1ರಲ್ಲಿ ನೆಟ್ಟಗಿನ ಗೆರೆ.

ಏನಾಗಿತ್ತು ಎಂದು ಹುಡುಕಲು ಅರ್ಧ ದಿನ ಹಿಡಿಯಿತು. ರಾತ್ರಿ ಕರೆಂಟ್ ಒಮ್ಮೆ ಡಿಮ್ ಆದಾಗ ಸೆನ್ಸರ್, ವಾಲ್ವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕನ್ವರ್ಟರ್ ಕೈಕೊಟ್ಟಿತ್ತು. ಸಿಹಿನೀರಿನ ವಾಲ್ವ್ ಆಗ ತೆರೆದಿತ್ತು. "ಐದು ಸೆಕೆಂಡ್ ತೆರೆ, ಆಮೇಲೆ ಮುಚ್ಚು" ಎಂದು ನಾನೇ ಬರೆದಿದ್ದ ಪೈಥಾನ್ ಪ್ರೋಗ್ರಾಮಿಗೆ ಮುಚ್ಚು ಎಂದು ಹೇಳುವ ದಾರಿಯೇ ಕಡಿದುಹೋಯಿತು. ಸೆನ್ಸರ್ ಉತ್ತರ ಕೊಡದಿದ್ದರೆ ಹಿಂದಿನ ಅಳತೆಯನ್ನೇ ಇಟ್ಟುಕೊಂಡು ಮುಂದುವರಿ ಎಂಬ ಸಾಲೂ ನನ್ನದೇ. ಅದು ಹೇಳಿದ ಹಾಗೇ ಮಾಡಿತು. ಮೂರು ವಾರದ ಪ್ರಯೋಗ ಹೋಯಿತು.

ಸಂಪರ್ಕ ಕಡಿದಾಗ "ಈ ಅಳತೆಯನ್ನು ನಂಬಬೇಡಿ" ಎಂದು ಗುರುತು ಹಾಕಬೇಕಾದದ್ದು ನನ್ನೊಬ್ಬನ ಸಮಸ್ಯೆ ಅಲ್ಲ. ಸೆನ್ಸರ್ ಇಟ್ಟವರೆಲ್ಲರಿಗೂ ಇದ್ದದ್ದೇ. ಬೇರೆಯವರು ಅದನ್ನು ಎಂದೋ ಬಗೆಹರಿಸಿ, ಪರೀಕ್ಷಿಸಿ, ಪುಕ್ಕಟೆಯಾಗಿ ಇಟ್ಟಿದ್ದಾರೆ. ನಾನು ಅದನ್ನು ಮತ್ತೆ ಮೊದಲಿಂದ ಬರೆಯಲು ಹೋಗಿ ತಪ್ಪು ಬರೆದಿದ್ದೆ. ಅಂದಿನಿಂದ ನನ್ನ ನಿಯಮ ಇಷ್ಟು: ಎಲ್ಲರಿಗೂ ಇರುವ ಸಮಸ್ಯೆಗೆ ಸಿದ್ಧ ಭಾಗ ತಂದು ಹೊಂದಿಸಬೇಕು. ನನ್ನ ಪ್ರಯೋಗಕ್ಕೆ ಮಾತ್ರ ಇರುವ ಸಮಸ್ಯೆಗೆ ಕೋಡ್ ಬರೆಯಬೇಕು. ಯಾವುದು ಯಾವುದೆಂದು ಗುರುತಿಸುವುದೇ ಕಷ್ಟದ ಕೆಲಸ. ಅದಕ್ಕೇ ಈ ಬರಹ.

ಸಿದ್ಧ ಭಾಗ ಅಂದರೆ ಏನು

ನಾನು ಬಳಸುವುದು ಎಪಿಕ್ಸ್ (EPICS) ಎಂಬ ಪುಕ್ಕಟೆ ನಿಯಂತ್ರಣ ಸಾಫ್ಟ್‌ವೇರ್. 1980ರ ದಶಕದ ಕೊನೆಯಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳ ಕೂಡುಕೆಲಸದಲ್ಲಿ ಶುರುವಾದದ್ದು. ಕಣವೇಗವರ್ಧಕ, ದೂರದರ್ಶಕದಂಥ ದೊಡ್ಡ ಯಂತ್ರಗಳಿಗಾಗಿ ಬೆಳೆದದ್ದು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಸಮ್ಮಿಳನ ಯಂತ್ರ ಇದನ್ನೇ ನಂಬಿದೆ. ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರವೂ ಬಳಸುತ್ತದೆ. ನಾಲ್ಕು ಟ್ಯಾಂಕಿನ ಲ್ಯಾಬಿಗೆ ಇದು ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಅದು ಒಂದು ಸಣ್ಣ ರಾಸ್‌ಬೆರಿ ಪೈ ಮೇಲೂ ಆರಾಮಾಗಿ ಓಡುತ್ತದೆ. ಇದೇ ಜಾತಿಯ ಬೇರೆ ವ್ಯವಸ್ಥೆಗಳೂ ಇವೆ. ಗ್ರೆನೋಬಲ್‌ನ ಸಿಂಕ್ರೋಟ್ರಾನ್ ಕೇಂದ್ರದಿಂದ ಬಂದ ಟ್ಯಾಂಗೋ ಇದೆ. ಕಾರ್ಖಾನೆಗಳಲ್ಲಿ ಯಂತ್ರ ನಡೆಸುವ ಪಿಎಲ್‌ಸಿ, ಸ್ಕಾಡಾ ಇವೆ. ಕೆಳಗಿನ ಹೆಜ್ಜೆಗಳ ತರ್ಕ ಎಲ್ಲಕ್ಕೂ ಒಂದೇ.

ಎಪಿಕ್ಸ್‌ನಲ್ಲಿ ಪ್ರತಿ ಅಳತೆಯೂ ಒಂದು ರೆಕಾರ್ಡ್. ಉಷ್ಣತೆಗೆ ಒಂದು, ವಾಲ್ವಿಗೆ ಒಂದು. ರೆಕಾರ್ಡ್ ಅಂದರೆ ಖಾನೆಗಳಿರುವ ಒಂದು ಫಾರ್ಮ್ ಅಂದುಕೊಳ್ಳಿ. ಎಷ್ಟು ಹೊತ್ತಿಗೊಮ್ಮೆ ಓದಬೇಕು, ಯಾವ ಮಾನ, ಯಾವ ಮಿತಿ ದಾಟಿದರೆ ಅಲಾರಂ, ಎಲ್ಲಕ್ಕೂ ಒಂದೊಂದು ಖಾನೆ. ಅದನ್ನು ತುಂಬುವುದೇ ಹೊಂದಿಸುವುದು. ಈ ರೆಕಾರ್ಡುಗಳನ್ನೆಲ್ಲ ಓಡಿಸುವ ಪ್ರೋಗ್ರಾಮಿಗೆ ಐಒಸಿ ಅನ್ನುತ್ತಾರೆ. ಖಾನೆಗಳ ಹೆಸರನ್ನು ಫೈಲಿನಲ್ಲಿ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಇಲ್ಲಿ ನಾನು ಉಚ್ಚಾರ ಕೊಡುತ್ತೇನೆ.

ಒಂದೇ ಒಂದು ಸೆನ್ಸರ್, ಒಂದು ವಾರದ ಕೆಲಸ, ಏನನ್ನೂ ನಿಯಂತ್ರಿಸುವುದಿಲ್ಲ, ಬರೀ ಬರೆದಿಡುವುದು ಅಂತಾದರೆ ಇದೆಲ್ಲ ಬೇಡ. ಒಂದು ಡೇಟಾ ಲಾಗರ್ ಸಾಕು. ನೀವು ಮನೆಗೆ ಹೋದ ಮೇಲೂ ಯಂತ್ರ ತಾನೇ ನಿರ್ಧಾರ ತೆಗೆದುಕೊಳ್ಳುತ್ತದೆ ಎಂದಾದರೆ ಮುಂದೆ ಓದಿ.

ಹೆಜ್ಜೆ 1: ಕಂಪ್ಯೂಟರ್ ಮುಚ್ಚಿಟ್ಟು ನೋಟ್‌ಬುಕ್ ತೆಗೆಯಿರಿ

ಪ್ರತಿ ಅಳತೆಗೂ, ಪ್ರತಿ ಸ್ವಿಚ್ಚಿಗೂ ಒಂದು ಸಾಲು ಬರೆಯಿರಿ. ಹೆಸರು, ಮಾನ, ಸಾಮಾನ್ಯವಾಗಿ ಎಷ್ಟಿರುತ್ತದೆ, ಎಷ್ಟು ಬೇಗ ಬದಲಾಗುತ್ತದೆ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಖಾನೆ: ಇದು ಕೈಕೊಟ್ಟರೆ ಏನಾಗಬೇಕು?

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ. "ಟ್ಯಾಂಕ್ 2, ಉಪ್ಪಿನಂಶ. 0ರಿಂದ 35. ನಿಮಿಷಕ್ಕೊಮ್ಮೆ ನೋಡಿದರೆ ಸಾಕು. ಅಳತೆ ಬರದಿದ್ದರೆ ಸಿಹಿನೀರು ಬಿಡಬಾರದು, ಫೋನಿಗೆ ಸಂದೇಶ ಬರಬೇಕು."

ಈ ಕೊನೆಯ ಖಾನೆಯನ್ನು ಬರೆಯುವಾಗ ಲ್ಯಾಬಿನವರನ್ನಷ್ಟೇ ಕೇಳಬೇಡಿ. ತದಡಿ ಕಡೆಯಿಂದ ನಮಗೆ ಬಳಚು ತಂದುಕೊಡುವ ಅಜ್ಜಿಯೊಬ್ಬರು, "ಮಳೆನೀರು ನುಗ್ಗಿದ್ರೆ ಬಳಚು ಬಾಯಿ ಮುಚ್ಕಂಡು ಕೂರ್ತದೆ ತಮಾ, ನಾಲ್ಕು ದಿನ ಏನೂ ಆಗೂದಿಲ್ಲ, ಆಮೇಲೆ ನೋಡು" ಎಂದಿದ್ದರು. ಒಂದೆರಡು ಗಂಟೆ ಅಳತೆ ತಪ್ಪಿದರೆ ಪ್ರಾಣಿ ಸಾಯುವುದಿಲ್ಲ, ಆದರೆ ಪ್ರಯೋಗದ ಲೆಕ್ಕ ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಆ ಮಾತಿನಿಂದ. ಯಾವ ಅಲಾರಂ ತುರ್ತು, ಯಾವುದು ಬೆಳಗಿನ ತನಕ ಕಾಯಬಹುದು ಎಂದು ಆಗ ವಿಂಗಡಿಸಿದೆ.

ಹೆಜ್ಜೆ 2: ಜೀವದ ಪ್ರಶ್ನೆಯನ್ನು ತಂತಿಗೆ ಬಿಡಿ

ಹೊಂದಿಸುವುದೋ ಕೋಡೋ ಎಂಬ ಪ್ರಶ್ನೆಗೆ ಮುಂಚೆ ಇದು. ಏನೇ ಆದರೂ ಆಗಲೇಬಾರದು ಅನ್ನುವ ಸಂಗತಿಗಳನ್ನು ಸಾಫ್ಟ್‌ವೇರಿಗೆ ಕೊಡಲೇಬೇಡಿ. ನೀರು ಉಕ್ಕದಂತೆ ಫ್ಲೋಟ್ ಸ್ವಿಚ್ ಇರಲಿ, ಅದರ ತಂತಿ ನೇರವಾಗಿ ವಾಲ್ವಿನ ಕರೆಂಟ್ ದಾರಿಯಲ್ಲೇ ಹಾದುಹೋಗಲಿ. ಹೀಟರಿಗೆ ಬೇರೆಯದೇ ಥರ್ಮೋಸ್ಟಾಟ್ ಇರಲಿ. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ಜಾತಿಯ ವಾಲ್ವ್ ಕೊಳ್ಳಿ. ಉಪ್ಪುನೀರು ಇರುವ ಕೋಣೆ ಅಲ್ವಾ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಇಲ್ಲದೆ ಒಂದು ದಿನವೂ ಕೆಲಸ ಮಾಡಬೇಡಿ.

ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರದ ಕಥೆಯನ್ನು ಈ ಕ್ಷೇತ್ರದವರೆಲ್ಲ ಓದಬೇಕು. ಅದರ ಹಿಂದಿನ ಮಾದರಿಗಳಲ್ಲಿ ಅಪಾಯ ತಡೆಯುವ ಯಂತ್ರಭಾಗಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದು ಆ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿದರು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಆ ಸಾಫ್ಟ್‌ವೇರಿನ ಕೆಲವು ಭಾಗ ಹಳೇ ಮಾದರಿಗಳಿಂದಲೇ ಬಂದಿತ್ತು. ಅಲ್ಲಿಯೂ ತಪ್ಪು ಇತ್ತು, ಆದರೆ ಯಂತ್ರಭಾಗ ಅಡ್ಡ ನಿಂತು ಕಾಯುತ್ತಿತ್ತು.

ನಮ್ಮ ಲ್ಯಾಬಿನಲ್ಲಿ ಆ ಜುಲೈ ನಂತರ ಬದಲಾದ ಮೊದಲ ವಸ್ತು ರಿಲೇ, ಅಂದರೆ ಕಂಪ್ಯೂಟರ್ ಹೇಳಿದಂತೆ ವಾಲ್ವನ್ನು ಆನ್-ಆಫ್ ಮಾಡುವ ಸ್ವಿಚ್. ಈಗಿನ ರಿಲೇ ಬೋರ್ಡಿನೊಳಗೇ ಟೈಮರ್ ಇದೆ. "ಐದು ಸೆಕೆಂಡ್ ತೆರೆ" ಎಂಬ ಒಂದೇ ಆದೇಶ ಹೋಗುತ್ತದೆ. ಮುಚ್ಚುವುದು ಬೋರ್ಡಿನ ಜವಾಬ್ದಾರಿ. ಎಪಿಕ್ಸ್‌ನ ಬಿಒ (ಆನ್-ಆಫ್ ಮಾಡುವ) ರೆಕಾರ್ಡಿನಲ್ಲೂ ಇದೇ ಕೆಲಸದ ಖಾನೆ ಇದೆ, ಹೆಸರು ಹೈ. ಅಲ್ಲಿ 5 ಎಂದು ಹಾಕಿದರೆ ಐದು ಸೆಕೆಂಡ್ ಆದಮೇಲೆ ತಾನೇ ಸೊನ್ನೆಗೆ ಬರುತ್ತದೆ. ಅದು ಚೆನ್ನಾಗಿಯೇ ಇದೆ. ಆದರೆ ಆ ಐದು ಸೆಕೆಂಡಿನೊಳಗೆ ಕೇಬಲ್ ಕಡಿದರೆ? ಅದಕ್ಕೇ ಬೋರ್ಡಿನ ಟೈಮರ್ ಬೇಕು.

ಹೆಜ್ಜೆ 3: ಕೊಳ್ಳುವಾಗಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ

ಕೋಡ್ ಎಷ್ಟು ಬರೆಯಬೇಕಾಗುತ್ತದೆ ಎಂಬುದು ಅಂಗಡಿಯಲ್ಲೇ ನಿರ್ಧಾರವಾಗುತ್ತದೆ. ಮಾಡ್‌ಬಸ್ ಮಾತಾಡುವ ಉಪಕರಣ ಕೊಂಡರೆ ಡ್ರೈವರ್ (ಉಪಕರಣದ ಜೊತೆ ಮಾತಾಡುವ ಪ್ರೋಗ್ರಾಂ) ಬರೆಯುವ ಕೆಲಸವೇ ಇಲ್ಲ. ಉಪಕರಣಗಳು ಮಾತಾಡಿಕೊಳ್ಳಲು 1979ರಲ್ಲಿ ಬಂದ ಪ್ರೋಟೋಕಾಲ್ ಅದು, ಇಂದಿಗೂ ಎಲ್ಲ ಕಡೆ ನಡೆಯುತ್ತದೆ. ಎಪಿಕ್ಸ್‌ಗೆ ಅದರ ಮಾಡ್ಯೂಲ್ ಸಿದ್ಧವಾಗಿದೆ. ಮಾಡ್‌ಬಸ್ ಇಲ್ಲದೆ ಸರಳ ಅಕ್ಷರಗಳಲ್ಲಿ ಪ್ರಶ್ನೋತ್ತರ ನಡೆಸುವ ಉಪಕರಣವಾದರೆ ಸ್ಟ್ರೀಮ್‌ಡಿವೈಸ್ ಇದೆ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಿಂದ ಬಂದದ್ದು. ಈ ಪ್ರಶ್ನೆ ಕಳಿಸು, ಈ ರೂಪದಲ್ಲಿ ಉತ್ತರ ಬರುತ್ತದೆ ಎಂದು ಒಂದು ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು.

ಹಣ ಕೊಡುವ ಮುಂಚೆ ಮಾರುವವರಿಂದ ರಿಜಿಸ್ಟರ್ ಪಟ್ಟಿ, ಅಂದರೆ ಯಾವ ಅಳತೆ ಯಾವ ವಿಳಾಸದಲ್ಲಿ ಕೂತಿದೆ ಎಂಬ ಪಟ್ಟಿ, ಕೇಳಿ. "ನಮ್ಮದೇ ಸಾಫ್ಟ್‌ವೇರ್ ಜೊತೆಗೆ ಬರುತ್ತದೆ ಸರ್, ಪಟ್ಟಿ ಯಾಕೆ" ಎಂದರೆ ಆ ಉಪಕರಣ ಬಿಟ್ಟುಬಿಡಿ. ಸ್ವಲ್ಪ ಬೆಲೆ ಕಡಿಮೆ ಎಂದು ಅಂಥದ್ದನ್ನು ತಂದರೆ ಉಳಿಸಿದ ದುಡ್ಡಿನ ಹತ್ತು ಪಟ್ಟು ಬೆಲೆಯ ಹೊತ್ತು ಡ್ರೈವರ್ ಬರೆಯಲು ಹೋಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಇಂಥ ಉಪಕರಣಗಳನ್ನು ಜೋಡಿಸುವ ಆರ್‌ಎಸ್-485 ತಂತಿ ಲೆಕ್ಕದ ಪ್ರಕಾರ 1200 ಮೀಟರ್‌ವರೆಗೂ ಎಳೆಯಬಹುದು. ಆದರೆ ನಮ್ಮ ಗಾಳಿಯಲ್ಲಿ ಉಪ್ಪು ಇದೆ. ಎರಡು ಮಳೆಗಾಲದಲ್ಲಿ ತಾಮ್ರದ ತುದಿ ಹಸಿರಾಗುತ್ತದೆ, ಅಳತೆ ಆಗಾಗ ತಪ್ಪುತ್ತದೆ, ನೀವು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ. ಜೋಡಣೆಗಳನ್ನೆಲ್ಲ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ತವರ ಹಚ್ಚಿದ ತುದಿ ಬಳಸಿ.

ಹೆಜ್ಜೆ 4: ಹೆಸರಿಡಿ

ಒಂದೇ ಕ್ರಮ ಇರಲಿ: ಲ್ಯಾಬ್, ಟ್ಯಾಂಕ್, ಏನು, ಯಾವ ಬಗೆ. ಮೊದಲ ದಿನವೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಹಳೇ ದಾಖಲೆ, ಪರದೆ, ಅಲಾರಂ ಎಲ್ಲ ಕಳಚಿಕೊಳ್ಳುತ್ತವೆ.

ಹೆಜ್ಜೆ 5: ಉಪಕರಣ ಇಲ್ಲದೆ ಶುರು ಮಾಡಿ

ಎಪಿಕ್ಸ್ ಹಾಕಿದ ಕೂಡಲೇ ಸಾಫ್ಟ್‌ಐಒಸಿ ಎಂಬ ಸಿದ್ಧ ಪ್ರೋಗ್ರಾಂ ಸಿಗುತ್ತದೆ. ನಾಲ್ಕು ಸಾಲಿನ ಡೇಟಾಬೇಸ್ ಫೈಲ್ ಕೊಟ್ಟರೆ ಅದು ಓಡುತ್ತದೆ. ಕ್ಯಾಗೆಟ್ ಎಂಬ ಆದೇಶದಿಂದ ಓದಿ, ಕ್ಯಾಪುಟ್‌ನಿಂದ ಬರೆಯಿರಿ. ಒಂದು ಮಧ್ಯಾಹ್ನ ಇದರಲ್ಲೇ ಆಡಿ. ನಾಲ್ಕು ಟ್ಯಾಂಕಿಗೂ ಒಂದೇ ಮಾದರಿ ಫೈಲ್ ಬರೆದು, ಟ್ಯಾಂಕ್ ಸಂಖ್ಯೆಯನ್ನು ಮಾತ್ರ ಬದಲಿಸುವ ಹಾಗೆ ಮಾಡಿ. ಐದನೇ ಟ್ಯಾಂಕ್ ಬಂದಾಗ ಒಂದೇ ಸಾಲಿನ ಕೆಲಸ.

ನಿಜವಾದ ಉಪಕರಣಕ್ಕೆ ಬಂದಾಗ ಮಾಡ್‌ಬಸ್ ಮಾಡ್ಯೂಲ್ ಸೇರಿಸಿ ಐಒಸಿಯನ್ನು ಕಂಪೈಲ್ ಮಾಡಬೇಕು, ಅದಕ್ಕೆ ಮೇಕ್‌ಫೈಲ್ ಎಂಬ ಸೂಚನೆಗಳ ಫೈಲ್ ತಿದ್ದಬೇಕು. ಇಲ್ಲಿ ಹೊಸಬರು ಸೋಲುತ್ತಾರೆ. "ಕೋಡ್ ಬರೆಯುವುದಿಲ್ಲ ಎಂದರಲ್ಲ, ಈ ಮೇಕ್‌ಫೈಲ್ ಏನು?" ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಮೊದಲ ಬಾರಿ ಎರಡು ದಿನ ಹೋಯಿತು. ಹೊಂದಿಸುವ ದಾರಿಯ ಖರ್ಚು ಮೊದಲಲ್ಲೇ ಬರುತ್ತದೆ. ಕೋಡಿನ ದಾರಿಯಲ್ಲಿ ಮೊದಲ ದಿನವೇ ಏನೋ ಓಡುತ್ತದೆ, ಖರ್ಚು ಆಮೇಲೆ ಮಳೆಗಾಲದ ರಾತ್ರಿಗಳಲ್ಲಿ ಬರುತ್ತದೆ.

ಹೆಜ್ಜೆ 6: ಮಾಡ್‌ಬಸ್ ಹೊಂದಿಸುವಾಗ ಎಡವುವ ಜಾಗಗಳು

ಮೊದಲನೆಯದು ವಿಳಾಸ. ಕೈಪಿಡಿಯಲ್ಲಿ 40001 ಎಂದಿದ್ದರೆ ತಂತಿಯ ಮೇಲೆ ಅದು 0. ಕೆಲವು ಕೈಪಿಡಿ 1ರಿಂದ ಎಣಿಸುತ್ತವೆ, ಕೆಲವು 0ಯಿಂದ. ಪಕ್ಕದ ರಿಜಿಸ್ಟರ್ ಓದಿದರೂ ಏನೋ ಒಂದು ಸಂಖ್ಯೆ ಬರುತ್ತದೆ, ಅದೇ ತೊಂದರೆ. ಉಷ್ಣತೆ ಅಳೆಯುವ ಪ್ರೋಬನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಸಂಖ್ಯೆ ಏರಿದರೆ ಸರಿಯಾದ ಜಾಗ.

ಎರಡನೆಯದು ಗುಣಕ. 284 ಎಂದು ಬಂದರೆ ಬಹುಶಃ 28.4 ಡಿಗ್ರಿ. ಎಐ (ಅಳತೆ ಓದುವ) ರೆಕಾರ್ಡಿನ ಆಸ್ಲೋ ಖಾನೆಯಲ್ಲಿ 0.1 ಹಾಕಿದರೆ ಆಯಿತು. ಇದಕ್ಕಾಗಿ ಎಲ್ಲೂ ಹತ್ತರಿಂದ ಭಾಗಿಸುವ ಕೋಡ್ ಬರೆಯಬೇಡಿ. ಒಬ್ಬರು ಪರದೆಯಲ್ಲಿ ಭಾಗಿಸುತ್ತಾರೆ, ಇನ್ನೊಬ್ಬರು ಗ್ರಾಫಿನಲ್ಲಿ ಮರೆಯುತ್ತಾರೆ.

ಮೂರನೆಯದು ದಶಮಾಂಶ ಸಂಖ್ಯೆಯ ಜೋಡಣೆ. 32 ಬಿಟ್‌ನ ಸಂಖ್ಯೆ ಎರಡು ರಿಜಿಸ್ಟರಿನಲ್ಲಿ ಕೂರುತ್ತದೆ. ಯಾವ ಅರ್ಧ ಮೊದಲು ಎಂದು ಒಂದೊಂದು ಕಂಪನಿ ಒಂದೊಂದು ಥರ ಮಾಡುತ್ತದೆ. ಅದಲುಬದಲಾದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಮಾಡ್ಯೂಲಿನಲ್ಲಿ ಎರಡೂ ಬಗೆಗೆ ಆಯ್ಕೆ ಇದೆ, ಬದಲಿಸಿ ನೋಡಿ.

ನಾಲ್ಕನೆಯದು ಯುಎಸ್‌ಬಿ. ಕನ್ವರ್ಟರ್ ಒಮ್ಮೆ ಬಿಟ್ಟು ಮತ್ತೆ ಹತ್ತಿಕೊಂಡರೆ ಲಿನಕ್ಸ್ ಅದಕ್ಕೆ ಬೇರೆ ಸಂಖ್ಯೆ ಕೊಡಬಹುದು. ಸೀರಿಯಲ್ ನಂಬರಿನ ಆಧಾರದ ಮೇಲೆ ಸ್ಥಿರ ಹೆಸರು ಕೊಡುವ ಸೌಲಭ್ಯ ಲಿನಕ್ಸಿನಲ್ಲೇ ಇದೆ. ಅದನ್ನೇ ಬಳಸಿ.

ಹೆಜ್ಜೆ 7: ಅಲಾರಂ ಖಾನೆಗಳನ್ನು ಮನಸ್ಸಿಟ್ಟು ತುಂಬಿ

ಸಿದ್ಧ ಭಾಗದ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. ನನ್ನ ಹಳೇ ಪ್ರೋಗ್ರಾಮಿನಲ್ಲಿ ಅಲಾರಮ್ಮಿಗೇ ನೂರಾರು ಸಾಲು ಇದ್ದವು. ಈಗ ಅಷ್ಟೂ ಕೆಲವೇ ಖಾನೆ.

ಪ್ರತಿ ಅಳತೆಗೂ ನಾಲ್ಕು ಮಿತಿ: ಲೋಲೋ, ಲೋ, ಹೈ, ಹೈಹೈ. ಉಪ್ಪಿನಂಶ 20 ಇರಬೇಕಾದ ಟ್ಯಾಂಕಿಗೆ ನಾನು 16, 18, 22, 24 ಹಾಕಿದ್ದೇನೆ. ಪ್ರತಿ ಮಿತಿಗೂ ತೀವ್ರತೆ ಬೇರೆ ಖಾನೆಯಲ್ಲಿ ಕೊಡಬೇಕು. ಇದನ್ನು ಮರೆಯುವವರು ಬಹಳ. ಮಿತಿ ತುಂಬಿ ತೀವ್ರತೆ ತುಂಬದಿದ್ದರೆ ಅಲಾರಂ ಹೊಡೆಯುವುದೇ ಇಲ್ಲ.

ಅಳತೆ 22ರ ಆಸುಪಾಸಿನಲ್ಲಿ ಅಲ್ಲಾಡುತ್ತಿದ್ದರೆ ಅಲಾರಂ ಬಂತು, ಹೋಯಿತು, ಬಂತು, ಹೋಯಿತು. ರಾತ್ರಿ ಫೋನಿಗೆ ಹೀಗೆ ನಲವತ್ತು ಸಂದೇಶ ಬಂದರೆ ಮಾರನೇ ದಿನದಿಂದ ಯಾರೂ ನೋಡುವುದಿಲ್ಲ. ಹಿಸ್ಟ್ ಖಾನೆಯಲ್ಲಿ 0.5 ಹಾಕಿ. ಮಿತಿಯಿಂದ ಅಷ್ಟು ಒಳಗೆ ಬಂದ ಮೇಲೇ ಅಲಾರಂ ಇಳಿಯುತ್ತದೆ. ಎಂಡೆಲ್ ಎಂಬ ಖಾನೆ ಸಣ್ಣಪುಟ್ಟ ಅಲುಗಾಟವನ್ನು ಪರದೆಗೆ ಕಳಿಸದಂತೆ, ಎಡೆಲ್ ಅದನ್ನು ದಾಖಲೆಗೆ ಬರೆಯದಂತೆ ತಡೆಯುತ್ತವೆ.

ಇನ್ನು ನನ್ನ ಆ ಜುಲೈ ರಾತ್ರಿಯ ವಿಷಯ. ಉಪಕರಣ ಉತ್ತರ ಕೊಡದಿದ್ದರೆ ರೆಕಾರ್ಡ್ ಹಳೇ ಸಂಖ್ಯೆಯನ್ನೇ ಇಟ್ಟುಕೊಳ್ಳುತ್ತದೆ, ಆದರೆ ಅದರ ಮೇಲೆ ಇನ್‌ವ್ಯಾಲಿಡ್ ಎಂಬ ಮುದ್ರೆ ಬೀಳುತ್ತದೆ. ಯಾರೂ ಏನೂ ಬರೆಯಬೇಕಿಲ್ಲ. ಪರದೆಯಲ್ಲಿ ಬಣ್ಣ ಬದಲಾಗುತ್ತದೆ, ದಾಖಲೆಯಲ್ಲೂ ಮುದ್ರೆ ಉಳಿಯುತ್ತದೆ. ಆರು ತಿಂಗಳ ನಂತರ ಗ್ರಾಫ್ ತೆಗೆದರೂ ಯಾವ ಗೆರೆ ನಿಜ, ಯಾವುದು ಹಳೇ ಸಂಖ್ಯೆ ಎಂದು ತಿಳಿಯುತ್ತದೆ.

ಒಂದು ಹಳ್ಳ ಮಾತ್ರ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಈ ಮುದ್ರೆ ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಉಪ್ಪಿನಂಶ ನೋಡಿ ವಾಲ್ವ್ ತೆರೆಯುವ ರೆಕಾರ್ಡ್ ಬರೀ ಸಂಖ್ಯೆ ತೆಗೆದುಕೊಳ್ಳುತ್ತದೆ, ಮುದ್ರೆ ಬಿಟ್ಟುಬಿಡುತ್ತದೆ. ಜೋಡಣೆಯ ಸಾಲಿನ ಕೊನೆಗೆ ಎಂಎಸ್ ಎಂಬ ಎರಡಕ್ಷರ ಸೇರಿಸಿದರೆ ಮಾತ್ರ ಮುದ್ರೆಯೂ ಜೊತೆಗೆ ಸಾಗುತ್ತದೆ. ಆಮೇಲೆ ಕೊನೆಯ ಔಟ್‌ಪುಟ್ ರೆಕಾರ್ಡಿನ ಐವಿಒಎ ಖಾನೆಯಲ್ಲಿ "ಇನ್‌ವ್ಯಾಲಿಡ್ ಆದರೆ ಉಪಕರಣಕ್ಕೆ ಏನೂ ಕಳಿಸಬೇಡ" ಎಂಬ ಆಯ್ಕೆ ಮಾಡಿ. ಅಳತೆ ಇಲ್ಲದಿದ್ದರೆ ಸಿಹಿನೀರು ಬಿಡಬಾರದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆವಲ್ಲ, ಆ ಸಾಲು ಈಗ ಎರಡು ಖಾನೆಯಾಯಿತು.

ಹೆಜ್ಜೆ 8: ಸಿದ್ಧ ಭಾಗವನ್ನೂ ಕಣ್ಣುಮುಚ್ಚಿ ನಂಬಬೇಡಿ

1996ರ ಜೂನ್ 4ರಂದು ಏರಿಯನ್-5 ರಾಕೆಟ್ ಮೊದಲ ಹಾರಾಟದಲ್ಲೇ, ಸುಮಾರು 37 ಸೆಕೆಂಡಿನಲ್ಲಿ ದಾರಿ ತಪ್ಪಿ ಸಿಡಿಯಿತು. ಕಾರಣ ಹೊಸ ಕೋಡ್ ಅಲ್ಲ. ಏರಿಯನ್-4ರಲ್ಲಿ ಚೆನ್ನಾಗಿ ನಡೆದಿದ್ದ ಭಾಗವನ್ನು ಹಾಗೇ ತಂದು ಕೂರಿಸಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಜಾಸ್ತಿ. ಆ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ.

ನಮ್ಮ ಲ್ಯಾಬಿನಲ್ಲಿ ಇದೇ ಜಾತಿಯ ತಪ್ಪು ಉಪ್ಪಿನಂಶದ ಅಳತೆಯಲ್ಲಿತ್ತು. ಪ್ರೋಬ್ ನೇರವಾಗಿ ಉಪ್ಪನ್ನು ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಉಪ್ಪಿನಂಶ ಲೆಕ್ಕ ಹಾಕಬೇಕು. ಅಗ್ಗದ ಪ್ರೋಬ್‌ಗಳು ಒಂದು ಗುಣಕದಿಂದ ಗುಣಿಸಿ ಕೊಟ್ಟುಬಿಡುತ್ತವೆ. ಸಮುದ್ರ ವಿಜ್ಞಾನದವರು 1978ರ ಪ್ರಮಾಣಸೂತ್ರ ಬಳಸುತ್ತಾರೆ. ಅದು ಸರಿಯಾಗಿ ನಡೆಯುವುದು ಉಪ್ಪಿನಂಶ 2ರಿಂದ 42ರ ನಡುವೆ ಮಾತ್ರ. ತೆರೆದ ಸಮುದ್ರಕ್ಕೆ ಅಷ್ಟು ಸಾಕು, ಅಲ್ಲಿ 35ರ ಆಸುಪಾಸು ಇರುತ್ತದೆ. ನಮ್ಮ ಕಾಳಿ, ಅಘನಾಶಿನಿ ಅಳಿವೆಗಳಲ್ಲಿ ಮಳೆಗಾಲದಲ್ಲಿ ಮೇಲಿನ ನೀರು ಬಹುಪಾಲು ಸಿಹಿಯೇ. 2ಕ್ಕಿಂತ ಕೆಳಗೆ ಸಲೀಸಾಗಿ ಇಳಿಯುತ್ತದೆ. ಅಂದರೆ ನಾವು ಅಳೆಯಬೇಕಾದ ನೀರಿನಲ್ಲೇ ಸೂತ್ರದ ಹದ್ದು ಮುಗಿಯುತ್ತದೆ.

ಹಾಗಾದರೆ ಕೋಡ್ ಬರೆಯಬೇಕೇ? ಬರೆಯಬೇಕು, ಆದರೆ ಸೂತ್ರ ಬರೆಯಬಾರದು. ಸಮುದ್ರ ವಿಜ್ಞಾನಿಗಳ ಜಿಎಸ್‌ಡಬ್ಲ್ಯೂ ಎಂಬ ಲೈಬ್ರರಿ ಪುಕ್ಕಟೆ ಸಿಗುತ್ತದೆ. ಸಿ ಭಾಷೆಯಲ್ಲೂ ಇದೆ, ಪೈಥಾನಿನಲ್ಲೂ ಇದೆ. 2ಕ್ಕಿಂತ ಕೆಳಗಿನ ನೀರಿಗೆ ಬೇಕಾದ ತಿದ್ದುಪಡಿಯೂ ಅದರೊಳಗಿದೆ. ನಾನು ಎಸಬ್ ಎಂಬ ರೆಕಾರ್ಡಿನೊಳಗೆ ಆ ಲೈಬ್ರರಿಯನ್ನು ಕರೆಯುವ ಸಣ್ಣ ಸಿ ಫಂಕ್ಷನ್ ಮಾತ್ರ ಬರೆದೆ. ನನ್ನ ಸಾಲುಗಳು ಒಂದು ಪುಟವೂ ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ವಾಹಕತೆ (ವಿದ್ಯುತ್ ಹರಿಯುವ ಸಲೀಸಿನ ಅಳತೆ) 42.914, ಉಷ್ಣತೆ 15, ಒತ್ತಡ 0 ಕೊಡಿ. ಉತ್ತರ 35 ಬರಬೇಕು. ಬರದಿದ್ದರೆ ಮಾನ ತಪ್ಪಾಗಿದೆ, ಲೈಬ್ರರಿ ಕೇಳುವುದು ಸೆಂಟಿಮೀಟರಿಗೆ ಮಿಲಿಸೀಮೆನ್ಸ್. ಇನ್ನೊಂದು ವಿಷಯ: ಬಹಳ ಪ್ರೋಬ್‌ಗಳು ವಾಹಕತೆಯನ್ನು ತಾವೇ 25 ಡಿಗ್ರಿಗೆ ಹೊಂದಿಸಿ ಕೊಡುತ್ತವೆ. ಲೈಬ್ರರಿಗೆ ಹೊಂದಿಸದ ಸಂಖ್ಯೆ ಬೇಕು. ಪ್ರೋಬಿನ ಆ ಸೌಲಭ್ಯವನ್ನು ಮೊದಲು ಬಂದ್ ಮಾಡಿ. ಇಲ್ಲವಾದರೆ ಉಷ್ಣತೆಯ ಲೆಕ್ಕ ಎರಡು ಬಾರಿ ಆಗುತ್ತದೆ, ಸಂಖ್ಯೆ ನೋಡಲು ಸರಿಯಾಗೇ ಕಾಣುತ್ತದೆ.

ಹೆಜ್ಜೆ 9: ಹೊಂದಿಸುವುದು ಎಲ್ಲಿ ಸಾಕು ಅನ್ನಿಸಬೇಕು

ಸಣ್ಣ ಲೆಕ್ಕಕ್ಕೆ ಕ್ಯಾಲ್ಕ್ ರೆಕಾರ್ಡ್ ಇದೆ. ಉಪ್ಪಿನಂಶ ಗುರಿಗಿಂತ 0.3 ಜಾಸ್ತಿ ಇದ್ದರೆ 1, ಇಲ್ಲದಿದ್ದರೆ 0. ಇಷ್ಟಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ನೀರು ಬೆರೆಯಲು ಹೊತ್ತು ಬೇಕು ಅಲ್ವಾ, ಹಾಗಾಗಿ ನಾನು ಐದು ನಿಮಿಷಕ್ಕೊಮ್ಮೆ ಮಾತ್ರ ತೀರ್ಮಾನ ತೆಗೆದುಕೊಳ್ಳುವಂತೆ ಇಟ್ಟಿದ್ದೇನೆ.

ಆದರೆ ಇದರ ರುಚಿ ಹತ್ತಿದರೆ ಎಲ್ಲವನ್ನೂ ಕ್ಯಾಲ್ಕ್ ರೆಕಾರ್ಡಿನಲ್ಲೇ ಮಾಡುವ ಆಸೆ ಬರುತ್ತದೆ. ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮೂರನೆಯದನ್ನು. ಕೊನೆಗೆ ಯಾವುದು ಮೊದಲು ಓಡುತ್ತದೆ ಎಂದು ಬರೆದವರಿಗೇ ಗೊತ್ತಾಗುವುದಿಲ್ಲ. ನನ್ನ ಅಳತೆಗೋಲು ಇದು: ಮೂರಕ್ಕಿಂತ ಹೆಚ್ಚು ಕ್ಯಾಲ್ಕ್ ಸರಪಳಿಯಾದರೆ, ಅಥವಾ "ಮೊದಲು ಇದು, ಆಮೇಲೆ ಅದು, ಆಗದಿದ್ದರೆ ಹಿಂದಕ್ಕೆ" ಎಂದು ಬಾಯಲ್ಲಿ ಹೇಳಬೇಕಾಗಿ ಬಂದರೆ, ಅದನ್ನು ಕೋಡಿನಲ್ಲೇ ಬರೆಯಬೇಕು. ಹಂತಹಂತದ ಕೆಲಸಕ್ಕೆ ಎಪಿಕ್ಸ್‌ನದೇ ಸೀಕ್ವೆನ್ಸರ್ ಇದೆ. ಪೈಥಾನ್ ಬಲ್ಲವರಿಗೆ ರೆಕಾರ್ಡುಗಳನ್ನು ಅಲ್ಲಿಂದಲೇ ಓದಿ ಬರೆಯುವ ಪೈಎಪಿಕ್ಸ್ ಇದೆ.

ಹೆಜ್ಜೆ 10: ನಿಮ್ಮದೇ ಕೋಡ್, ಅದರ ಜಾಗದಲ್ಲಿ

ನಮ್ಮ ಪ್ರಯೋಗದ ಸ್ವಂತ ಭಾಗ ಎಂದರೆ ಭರತ-ಇಳಿತ. ಅಳಿವೆಯಲ್ಲಿ ಬಳಚು ಒಂದೇ ಉಪ್ಪಿನಂಶದಲ್ಲಿ ಬದುಕುವುದಿಲ್ಲ. ಭರತ ಬಂದಾಗ ಸಮುದ್ರದ ನೀರು, ಇಳಿತದಲ್ಲಿ ಹೊಳೆಯ ನೀರು. ಸುಮಾರು 12 ಗಂಟೆ 25 ನಿಮಿಷಕ್ಕೊಂದು ಸುತ್ತು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳ ಎತ್ತರವೂ ಸಮ ಇರುವುದಿಲ್ಲ. ಟ್ಯಾಂಕಿನೊಳಗೆ ಇದನ್ನು ಹುಟ್ಟಿಸುವ ಸಿದ್ಧ ಭಾಗ ಎಲ್ಲೂ ಇಲ್ಲ. ಇದನ್ನು ನಾನು ಪೈಥಾನಿನಲ್ಲಿ ಬರೆದೆ, ಮನಸ್ಸಿಟ್ಟು ಬರೆದೆ.

ಆ ಕೋಡಿಗೆ ಮೂರು ಕಟ್ಟುಪಾಡು ಹಾಕಿದ್ದೇನೆ. ಅದು ವಾಲ್ವ್ ಮುಟ್ಟುವಂತಿಲ್ಲ, "ಈಗ ಉಪ್ಪಿನಂಶ 14.5 ಇರಲಿ" ಎಂದು ಗುರಿಸಂಖ್ಯೆ ಬರೆಯುವುದಷ್ಟೇ ಅದರ ಕೆಲಸ. ಆ ಗುರಿಯ ರೆಕಾರ್ಡಿನಲ್ಲಿ ಡ್ರೈವ್ ಮಿತಿಯ ಎರಡು ಖಾನೆಗಳಿವೆ, 5 ಮತ್ತು 30. ಕೋಡಿನಲ್ಲಿ ತಪ್ಪಾಗಿ 300 ಎಂದು ಹೋದರೂ ರೆಕಾರ್ಡ್ ಅದನ್ನು 30ಕ್ಕೇ ನಿಲ್ಲಿಸುತ್ತದೆ.

ಮೂರನೆಯದು ನಾಡಿಮಿಡಿತ. ಕೋಡ್ ಬದುಕಿದೆಯೇ ಎಂದು ತಿಳಿಯಲು ಹತ್ತು ಸೆಕೆಂಡಿಗೊಮ್ಮೆ ಅದು ಒಂದು ಬಿಒ ರೆಕಾರ್ಡಿಗೆ 1 ಬರೆಯುತ್ತದೆ. ಆ ರೆಕಾರ್ಡಿನ ಹೈ ಖಾನೆಯಲ್ಲಿ 60. ಪ್ರತಿ ಬಾರಿ ಬರೆದಾಗ ಗಡಿಯಾರ ಮತ್ತೆ ಮೊದಲಿಂದ ಎಣಿಸುತ್ತದೆ. ಕೋಡ್ ಸತ್ತರೆ ಒಂದು ನಿಮಿಷಕ್ಕೆ ರೆಕಾರ್ಡ್ ಸೊನ್ನೆಗೆ ಬೀಳುತ್ತದೆ. ಸೊನ್ನೆಗೆ ದೊಡ್ಡ ಅಲಾರಂ ಎಂದು ಝಡ್‌ಎಸ್‌ವಿ ಖಾನೆಯಲ್ಲಿ ಹೇಳಿಟ್ಟಿದ್ದೇನೆ. ಟ್ಯಾಂಕುಗಳು ಕೊನೆಯ ಗುರಿಯಲ್ಲೇ ನಿಲ್ಲುತ್ತವೆ, ನನ್ನ ಫೋನ್ ಕೂಗುತ್ತದೆ.

ಹೆಜ್ಜೆ 11: ನಿಮ್ಮ ನಂತರ ಬರುವವರಿಗಾಗಿ

ಹೊಂದಿಸಿದ ಫೈಲುಗಳೂ ಕೋಡೇ ಎಂದು ತಿಳಿಯಿರಿ. ಎಲ್ಲವೂ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿರಲಿ. ಯಾವ ಮಾಡ್ಯೂಲಿನ ಯಾವ ಆವೃತ್ತಿ ಎಂದೂ ಬರೆದಿಡಿ. ಪ್ರತಿ ಮಿತಿಯ ಪಕ್ಕ ಅದು ಯಾಕೆ ಎಂದು ಒಂದು ಸಾಲು ಟಿಪ್ಪಣಿ ಹಾಕಿ. "16: ಇದಕ್ಕಿಂತ ಕೆಳಗೆ ಬಳಚು ಬಾಯಿ ಮುಚ್ಚಲು ಶುರು ಮಾಡಿದ್ದನ್ನು ನೋಡಿದ್ದೇವೆ." ಬರೀ 16 ಎಂದಿದ್ದರೆ ಮುಂದಿನವರು ಅದನ್ನು ಸುಮ್ನೆ ಬದಲಿಸಿಬಿಡುತ್ತಾರೆ.

ಕರೆಂಟ್ ಹೋಗಿ ಬಂದಾಗ ಗುರಿಸಂಖ್ಯೆಗಳು ಮೊದಲಿದ್ದ ಹಾಗೇ ಇರಲು ಆಟೋಸೇವ್ ಮಾಡ್ಯೂಲ್ ಇದೆ. ಐಒಸಿ ಬಿದ್ದರೆ ತಾನೇ ಏಳಿಸಲು ಪ್ರಾಕ್‌ಸರ್ವ್ ಇದೆ. ಇವೆರಡನ್ನೂ ನಾನು ಹಿಂದೆ ಕೈಯಾರೆ ಬರೆದಿದ್ದೆ. ಈಗ ಅಳಿಸಿದ್ದೇನೆ.

ಹೆಜ್ಜೆ 12: ಮೇ ಕೊನೆಯ ವಾರದ ಪರೀಕ್ಷೆ

ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಪೂರ್ತಿ ಇದಕ್ಕೇ ಇಡಿ. ಟ್ಯಾಂಕಿನಲ್ಲಿ ಪ್ರಾಣಿ ಇರಬಾರದು. ಮೊದಲು ರೆಕಾರ್ಡುಗಳ ಸಿಮ್ಯುಲೇಶನ್ ಖಾನೆ ಬಳಸಿ ಸುಳ್ಳು ಅಳತೆ ಕೊಟ್ಟು ಪ್ರತಿ ಅಲಾರಂ ಹೊಡೆಯುತ್ತದೆಯೇ ನೋಡಿ. ಆಮೇಲೆ ಕೈಯಿಂದ ಕೆಡಿಸಿ. ಪ್ರೋಬ್ ಕಿತ್ತು ನೋಡಿ. ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ ಖಾಲಿಯಾಗುವ ತನಕ ಕಾಯಿರಿ, ಮತ್ತೆ ಹಾಕಿ. ಪೈಥಾನ್ ಪ್ರೋಗ್ರಾಮನ್ನು ಅರ್ಧದಲ್ಲಿ ಕೊಲ್ಲಿ. ಫ್ಲೋಟ್ ಸ್ವಿಚ್ಚನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಏನಾಗಬೇಕಿತ್ತು, ಏನಾಯಿತು ಎಂದು ನೋಟ್‌ಬುಕ್ಕಿನ ಆ ಕೊನೆಯ ಖಾನೆಯ ಪಕ್ಕದಲ್ಲೇ ಬರೆಯಿರಿ. ಇದನ್ನು ವ್ಯವಸ್ಥೆ ಕಟ್ಟಿದವರು ಮಾಡುವುದಕ್ಕಿಂತ ಬೇರೆಯವರು ಮಾಡಿದರೆ ಒಳ್ಳೆಯದು. ನಾವು ಕಟ್ಟಿದ್ದನ್ನು ನಾವೇ ಮೆಲ್ಲಗೆ ಕೆಡಿಸುತ್ತೇವೆ.

ನಮ್ಮಲ್ಲಿ ಈ ವರ್ಷ ಲ್ಯಾಬ್ ಸಹಾಯಕಿ ಮಾಡಿದರು. ನಾನು ದೂರ ನಿಂತು ಪರದೆ ನೋಡುತ್ತಿದ್ದೆ. ಕೊನೆಗೆ ಉಳಿದದ್ದು ಆ ಜುಲೈ ರಾತ್ರಿಯದು. ಸಿಹಿನೀರಿನ ವಾಲ್ವ್ ಟಕ್ ಎಂದು ತೆರೆದ ಕೂಡಲೇ ಅವರು ಯುಎಸ್‌ಬಿ ಕೇಬಲ್ ಎಳೆದರು. "ಸರ್, ಎಣಿಸಲಾ?" ಎಂದರು. ಅವರು ಮೂರು ಎನ್ನುವಷ್ಟರಲ್ಲಿ ಪರದೆಯ ಮೇಲಿನ 20.1ರ ಸುತ್ತ ನೇರಳೆ ಬಣ್ಣದ ಚೌಕಟ್ಟು ಬಂತು. ಐದು ಎಂದಾಗ ವಾಲ್ವ್ ಮತ್ತೆ ಟಕ್ ಎಂದು ಮುಚ್ಚಿಕೊಂಡಿತು.